ಹಿಂದೆ ಸರಿಯುವಾಗಿನ ಸದ್ದು

ಬೆಳಗಿನ ನಾಲ್ಕೂವರೆ. ಒಮಾನಿನ ಸೂರ್ ಪಟ್ಟಣದ ಹೊರಗಿರುವ ಅಂಗಡಿ ಸಂಕೀರ್ಣದ ಮುಂದೆ ರಾತ್ರಿಯ ಗಾಳಿ ತಂದು ಸುರಿದ ಮರಳು ಮೊಣಕಾಲುದ್ದ ನಿಂತಿದೆ. ಎಲಿಯಾಸ್ ಮಥಾಯಸ್ ಬಂದವರೇ ಮರಳು ಬಾಚುವ ಲೋಡರ್ ಗಾಡಿ ಹತ್ತುವುದಿಲ್ಲ. ಬಿದಿರು ಕೋಲು ಹಿಡಿದು ಅಂಗಳವನ್ನೆಲ್ಲ ಒಮ್ಮೆ ನಡೆಯುತ್ತಾರೆ, ಮರಳನ್ನು ಚುಚ್ಚಿ ಚುಚ್ಚಿ ನೋಡುತ್ತಾರೆ. ಗೋಡೆಯ ಮರೆಯ ಮೆತ್ತನೆ ಮರಳಿನಲ್ಲಿ ನಾಯಿ ಮಲಗಿರಬಹುದು, ಮನುಷ್ಯನೂ ಮಲಗಿರಬಹುದು. ಆಮೇಲೆಯೇ ಗಾಡಿ ಶುರು. ಹಿಂದೆ ಸರಿದಾಗಲೆಲ್ಲ ಅದು 'ಪೀಂ ಪೀಂ' ಎಂದು ಊರನ್ನೇ ಎಬ್ಬಿಸುವ ಹಾಗೆ ಕಿರುಚುತ್ತದೆ. ಮೇಲಿನ ಮಹಡಿಯ ಕಿಟಕಿಯೊಂದು ತೆರೆದು ಯಾರೋ ಹಿಂದಿಯಲ್ಲಿ ಬೈಯುತ್ತಾರೆ. ಎಲಿಯಾಸ್ ತಲೆಯೆತ್ತಿ ಕೈಮುಗಿಯುತ್ತಾರೆ. ಸದ್ದು ಮಾತ್ರ ನಿಲ್ಲುವುದಿಲ್ಲ.

ಉಡುಪಿ ಕಡೆಯ ಶಿರ್ವದ ಎಲಿಯಾಸ್‌ಗೆ ಈಗ ಐವತ್ತೆಂಟು. ಇಪ್ಪತ್ತೊಂದು ವರ್ಷದಿಂದ ಇದೇ ಕೆಲಸ. ನೂರ ನಲವತ್ತು ಕಾರು ನಿಲ್ಲುವ ಜಾಗ, ಮೂವತ್ತೆರಡು ಅಂಗಡಿ, ಹಿಂದುಗಡೆ ಎರಡು ಗೋದಾಮು. ಬೀಗ ತೆರೆಯುವಷ್ಟರಲ್ಲಿ ಎಲ್ಲ ಚೊಕ್ಕವಾಗಬೇಕು. ಗಾಳಿಯ ಮೂರು ತಿಂಗಳು ದಿನಕ್ಕೆ ಲೋಡರಿನ ಎಪ್ಪತ್ತು ಬಕೆಟ್ ಮರಳು; ಬೆಳಿಗ್ಗೆ ಸರಿಸಿದ್ದು ಮರುದಿನ ಮತ್ತೆ ಹಾಜರು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಇದನ್ನು ಮಾಡಿದವರು ಯಾರೆಂದು ಒಂಬತ್ತು ಗಂಟೆಗೆ ಬಂದು ಕಾರು ನಿಲ್ಲಿಸುವವರು ಕೇಳಿದ್ದುಂಟೇ? ನೆಲ ಕಾಣುತ್ತಿದೆಯಲ್ಲ, ಅಷ್ಟು ಸಾಕು ಅವರಿಗೆ.

ಕಂಪನಿ ಕೊಟ್ಟ ಸುರಕ್ಷತೆಯ ಪುಸ್ತಕವೋ, ಹಿಮ ಬೀಳುವ ಯಾವುದೋ ದೇಶದ್ದು. "ಹಿಮ ಅಂತ ಇದ್ದಲ್ಲೆಲ್ಲ ಮರಳು ಅಂತ ಓದಿದ್ರೆ ಆಯ್ತು ಮಾರಾಯ್ರೆ, ಕೆಲಸ ಒಂದೇ" ಎನ್ನುತ್ತಾರೆ ಹಿಮ ಕಂಡೇ ಇರದ ಎಲಿಯಾಸ್. ಗಾಳಿಗಾಲಕ್ಕೆ ಮೊದಲೇ ಮ್ಯಾನ್‌ಹೋಲ್, ರಸ್ತೆ ಉಬ್ಬುಗಳ ಪಕ್ಕ ಕೆಂಪು ಬಟ್ಟೆಯ ಕೋಲು ನೆಡಬೇಕು. ಮರಳನ್ನು ಗಾಳಿ ಹೋಗುವ ದಿಕ್ಕಿಗೇ ತಳ್ಳಬೇಕು. ಗುಡ್ಡೆ ಎದೆಮಟ್ಟ ದಾಟಿದರೆ ತಿರುವಿನ ಕಾರು ಕಾಣದು. ಹಿಂದೆ ಸರಿಯುವ ಸದ್ದನ್ನು ಯಾವ ಕಾರಣಕ್ಕೂ ಮುಚ್ಚಬಾರದು ಎಂಬುದು ಕೊನೆಯ ನಿಯಮ. ಅದನ್ನು ಎಲಿಯಾಸ್ ಒಮ್ಮೆ ಮುರಿದರು.

ಏಳು ವರ್ಷದ ಹಿಂದಿನ ಮಾತು. ಲೋಡರಿಗೆ ಸಿಗದ ಮೂಲೆಗಳ ಮರಳನ್ನು ಸಲಿಕೆಯಲ್ಲಿ ಎಳೆಯುತ್ತಿದ್ದವರು ಉಳ್ಳಾಲದ ಮಮ್ಮದ್. ಇಬ್ಬರಿಗೂ ಹದಿನಾಲ್ಕು ವರ್ಷ ಒಂದೇ ಕೋಣೆ, ಒಂದೇ ಕುಕ್ಕರಿನ ಗಂಜಿ, ತುಳುವಿನಲ್ಲೇ ಜಗಳ, ತುಳುವಿನಲ್ಲೇ ರಾಜಿ. ಆ ಜೂನಿನ ಒಂದು ಸಂಜೆ ಮೇಲಿನ ಮನೆಯ ಮೈಸೂರು ಕಡೆಯ ತಾಯಿಯೊಬ್ಬರು ಕೆಳಗಿಳಿದು ಬಂದರು. ಮಗುವಿಗೆ ಮೂರು ದಿನದಿಂದ ಜ್ವರ, ಬೆಳಗಿನ ಜಾವವಷ್ಟೇ ಕಣ್ಣು ಮುಚ್ಚುತ್ತದೆ, ನಾಳೆ ಒಂದು ದಿನ ಸದ್ದು ಕಡಿಮೆ ಮಾಡಲಾದೀತೇ ಅಣ್ಣಾ ಎಂದು ಕೇಳಿದರು. ಪರದೇಶದಲ್ಲಿ ಕನ್ನಡದಲ್ಲಿ ಅಣ್ಣಾ ಎಂದರೆ ಯಾರ ಮನಸ್ಸು ಕರಗದು? ಕೋಲಿಗೆ ಕಟ್ಟುವ ಕೆಂಪು ಬಟ್ಟೆಯನ್ನೇ ಮೂರು ಸುತ್ತು ಸುತ್ತಿ ಎಲಿಯಾಸ್ ಹಾರ್ನಿನ ಬಾಯಿ ಕಟ್ಟಿದರು. ಮಮ್ಮದ್‌ಗೆ ಬೆಳಿಗ್ಗೆ ಹೇಳಿದರಾಯಿತು ಅಂದುಕೊಂಡರು. ಬೆಳಿಗ್ಗೆ ಮರೆತರು.

ಮುಖಕ್ಕೆ ಬಟ್ಟೆ ಸುತ್ತಿಕೊಂಡ ಮಮ್ಮದ್ ಬಗ್ಗಿ ಚರಂಡಿಯ ಬಾಯಿ ಬಿಡಿಸುತ್ತಿದ್ದರು. ಗಾಳಿಯ ಭೋರಾಟ, ಎಂಜಿನ್ನಿನ ಗುಡುಗು ಬೆಳಗ್ಗೆಯಿಡೀ ಇದ್ದದ್ದೇ. ಗಾಡಿ ತನ್ನತ್ತ ಬರುತ್ತಿದೆ ಎಂದು ಹೇಳುವುದು ಆ ಪೀಂ ಪೀಂ ಒಂದೇ. ಅದು ಕೇಳಲಿಲ್ಲ. ಆಸ್ಪತ್ರೆ ಮುಟ್ಟುವ ಮೊದಲೇ ಮಮ್ಮದ್ ತೀರಿಕೊಂಡರು.

ಪೊಲೀಸರಿಗೆ ಎಲಿಯಾಸ್ ಇದ್ದದ್ದು ಇದ್ದಂತೆ ಹೇಳಿದರು, ಕೋರ್ಟು ಕೊಟ್ಟ ಶಿಕ್ಷೆಯನ್ನೂ ಅನುಭವಿಸಿದರು. ಊರಲ್ಲಿದ್ದ ಮಮ್ಮದ್ ಹೆಂಡತಿ ಮೈಮೂನಾಗೆ ಮಾತ್ರ ಬಟ್ಟೆಯ ವಿಷಯ ಹೇಳಲು ಬಾಯಿ ಬರಲಿಲ್ಲ. ರಜೆಗೆ ಹೋದಾಗಲೆಲ್ಲ ಉಳ್ಳಾಲದ ಆ ಮನೆಯಲ್ಲಿ ಖರ್ಜೂರದ ಪೊಟ್ಟಣ ಇಟ್ಟು, ಚಹಾ ಕುಡಿದು ಬರುತ್ತಿದ್ದರು. "ಗಾಳಿ ಜೋರಿತ್ತು, ನೀವೆಂತ ಮಾಡ್ಲಿಕ್ಕುಂಟು ಅಂತ ಅವಳೇ ನನಗೆ ಸಮಾಧಾನ ಹೇಳ್ತಿದ್ಳು." ಪಾಪ, ನುಂಗಲೂ ಆಗದ ಉಗುಳಲೂ ಆಗದ ಬಿಸಿ ತುಪ್ಪವನ್ನು ಏಳು ವರ್ಷ ಬಾಯಲ್ಲಿಟ್ಟುಕೊಂಡ ಮನುಷ್ಯ.

ಈ ಡಿಸೆಂಬರಿಗೆ ವೀಸಾ ಖಲಾಸ್. ಊರು ಸೇರಿದ ಮೇಲೆ ಆ ಮನೆಯ ಚಹಾ ಕುಡಿಯುತ್ತಲೇ ಮುಪ್ಪು ಕಳೆಯುವುದು ಹೇಗೆ? ಮೇ ತಿಂಗಳ ರಜೆಯಲ್ಲಿ ಹೋಗಿ ಎಲ್ಲ ಹೇಳಿಬಿಟ್ಟರು. ಮೈಮೂನಾ ಬೈಯುತ್ತಾರೆ, ಬಾಗಿಲು ತೋರಿಸುತ್ತಾರೆ ಎಂದು ಕಾದವರಿಗೆ ಸಿಕ್ಕಿದ್ದು ಒಂದು ಪ್ರಶ್ನೆ.

"ಆ ಮಗು ಮಲಗಿತ್ತಾ ಎಲಿಯಾಸಣ್ಣ?"

ಹೌದು, ಏಳು ಗಂಟೆಯವರೆಗೂ ಮಲಗಿತ್ತಂತೆ ಎಂದರು. ಮೈಮೂನಾ ಎದ್ದು ಒಳಗೆ ಹೋದರು. ಆ ದಿನ ಚಹಾ ಬರಲಿಲ್ಲ. ಸ್ವಲ್ಪ ಹೊತ್ತು ಕಾದು ಎಲಿಯಾಸ್ ತಾವೇ ಬಾಗಿಲು ಎಳೆದುಕೊಂಡು ಹೊರಟರು.

ಆ ಮಗುವಿನ ಮನೆಯವರು ಒಮಾನ್ ಬಿಟ್ಟು ಎಷ್ಟೋ ಕಾಲವಾಯಿತು. ಅವರ ಹೆಸರು ಎಷ್ಟು ಕೇಳಿದರೂ ಎಲಿಯಾಸ್ ಹೇಳುವುದಿಲ್ಲ. ತಾಯಿ ಕೇಳಿದ್ದು ತಪ್ಪಲ್ಲ, ಕಟ್ಟಿದ್ದು ತನ್ನ ಕೈ ಎನ್ನುತ್ತಾರೆ.

ಬಿಸಿಲೇರಿದೆ. ಕೊನೆಯ ಬಕೆಟ್ ಸುರಿದು ಗಾಡಿ ಹಿಂದೆ ಸರಿಯುತ್ತದೆ, ಪೀಂ ಪೀಂ. ಮೇಲಿನ ಕಿಟಕಿ ಧಡಾರನೆ ಮುಚ್ಚಿಕೊಳ್ಳುತ್ತದೆ. ಇಳಿದು ಬಂದ ಎಲಿಯಾಸ್ ಮುಖದ ಮರಳು ಒರೆಸಿಕೊಳ್ಳುತ್ತಾರೆ.

"ನನ್ನ ನಂತರ ಬರುವ ಡ್ರೈವರ್ ಯಾರು ಕೇಳಿದ್ರೂ ಇದರ ಬಾಯಿ ಕಟ್ಟಬಾರ್ದು, ಅಷ್ಟೇ ನನ್ನ ಆಸೆ. ಜನ ಬೈತಾರೆ, ಬೈಲಿ. ಬೈಗಳು ತಿಂದು ಯಾರೂ ಸಾಯುದಿಲ್ಲ."