ಫ್ಲೆಕ್ಸಿನ ಮೇಲಿನ ಬಿಳಿ ಮುಖಗಳು

ಕಲಘಟಗಿಯಲ್ಲಿ ನನ್ನದೊಂದು ಫೋಟೋ ಸ್ಟುಡಿಯೊ ಇದೆ. ಹೋದ ವರ್ಷ ತಂಬೂರದ ಕಡೆಯ ಒಂದು ಹಳ್ಳಿಯ ಹುಡುಗಿಯರು ಕಬಡ್ಡಿಯಲ್ಲಿ ತಾಲ್ಲೂಕು ಗೆದ್ದು ಜಿಲ್ಲಾ ಪಂದ್ಯಕ್ಕೆ ಹೊರಟಿದ್ದರು. ಅವರದೊಂದು ಫ್ಲೆಕ್ಸ್ ಮಾಡಿಸಲು ಆ ಊರಿನ ಹಿರಿಯರೊಬ್ಬರು ಬಂದರು. ಹುಡುಗಿಯರು ದೊಡ್ಡ ಕ್ರೀಡಾಂಗಣದ ದೀಪಗಳ ಕೆಳಗೆ ನಿಂತಂತೆ ಕಾಣಬೇಕೆಂದರು.

ಏಳೂ ಜನ ಒಟ್ಟಿಗೆ ಸಿಗುವಂತಿರಲಿಲ್ಲ. ಒಬ್ಬಳಿಗೆ ಪರೀಕ್ಷೆ, ಇನ್ನೊಬ್ಬಳ ಮನೆಯಲ್ಲಿ ಗೋವಿನಜೋಳದ ಕೊಯ್ಲು. ಬಂದವರ ಫೋಟೋ ಬಂದಂತೆ ತೆಗೆದು ಆಮೇಲೆ ಒಂದೇ ಚಿತ್ರದಲ್ಲಿ ಕೂಡಿಸಬೇಕಿತ್ತು. ಹಾಗೆ ಕೂಡಿಸಿದ್ದು ನಿಜವೆನಿಸಬೇಕಾದರೆ ಎಲ್ಲರ ಮೇಲೂ ಬೆಳಕು ಒಂದೇ ತೆರನಾಗಿ ಬೀಳಬೇಕು. ಕ್ರೀಡಾಂಗಣದ ದೀಪಗಳು ಹಿಂದೆ ಎತ್ತರದಲ್ಲಿರುತ್ತವೆ. ಅದಕ್ಕೇ ಹಿಂದಿನಿಂದ ಹೆಗಲಿಗೆ ತಾಗುವಂತೆ ಎರಡು ಲೈಟು, ಎಡಬದಿಯಿಂದ ಮುಖಕ್ಕೆ ಮೆಲ್ಲಗೆ ಒಂದು ಲೈಟು ನಿಲ್ಲಿಸಿ, ಅವು ಕದಲದಂತೆ ನೆಲಕ್ಕೆ ಗುರುತು ಹಾಕಿದೆ. ಕಂಪ್ಯೂಟರಿನಲ್ಲಿ ಜೋಡಿಸುವಾಗ ನನ್ನನ್ನು ಕಾಡಿದ್ದು ಪಾದಗಳು. ಪಾದದಡಿ ನೆರಳು ಸರಿಯಾಗಿ ಕೂಡದಿದ್ದರೆ ಮನುಷ್ಯರು ಗಾಳಿಯಲ್ಲಿ ನೇತಾಡುತ್ತಾರೆ. ಒಂದೊಂದು ನೆರಳನ್ನೂ ಕೈಯಾರೆ ಬಿಡಿಸಿದೆ, ಕಾಲ ಸುತ್ತ ತುಸು ಧೂಳೆಬ್ಬಿಸಿದೆ.

ಹಿರಿಯರು ನೋಡಿದರು.

“ಅಗದಿ ಛಲೋ ಆಗೇತ್ರಿ ಅಕ್ಕಾರ. ಆದ್ರ ಮಾರಿ ಭಾಳ ಕರ್ರಗ ಬಂದಾವ. ಒಂಚೂರು ಬೆಳ್ಳಗ ಮಾಡ್ರಿ. ಮೊಣಕಾಲೂ ಮುಚ್ಚಿಬಿಡ್ರಿ.”

“ಅವು ಬಂದಿದ್ದಲ್ರಿ ಕಾಕಾರ, ಅವರು ಇರೂದ ಹಂಗ.”

“ನಾಳೆ ಕನ್ಯಾ ನೋಡಾಕ ಬರೋ ಮಂದಿ ಇದನ್ನ ನೋಡ್ತಾರ. ನಿಮಗ ತಿಳ್ಯಾಂಗಿಲ್ಲ.”

ನನಗೆ ಮೈಯೆಲ್ಲ ಉರಿಯಿತು. ಬಿಸಿಲಲ್ಲಿ ಬಿದ್ದು ಎದ್ದು ಗೆದ್ದವರನ್ನು ಕನ್ಯಾ ನೋಡುವವರಿಗಾಗಿ ತಿಕ್ಕಿ ಬೆಳ್ಳಗೆ ಮಾಡಬೇಕೆ? ಆಗುವುದಿಲ್ಲ ಎಂದೆ. ಅವರು ಎದ್ದುಹೋದರು. ನಾನು ತೋರಿಸಲೆಂದು ಅವರ ಮೊಬೈಲಿಗೆ ಕಳಿಸಿದ್ದ ಚಿತ್ರವನ್ನೇ ಬೇರೊಂದು ಅಂಗಡಿಗೆ ಒಯ್ದರು.

ಕೆಲವೇ ದಿನಗಳಲ್ಲಿ ಆ ಊರಿನ ಬಸ್ ನಿಲ್ದಾಣದಲ್ಲಿ ಫ್ಲೆಕ್ಸ್ ಎದ್ದಿತು. ಮುಖಗಳು ಸುಣ್ಣ ಬಳಿದಂತೆ ಬಿಳಿ. ಕುತ್ತಿಗೆ, ಕೈ ಮಾತ್ರ ಅವರವೇ. ಮೊಣಕಾಲಿನ ಮೇಲೆ ಬಣ್ಣ ತುಂಬಿದ್ದರು. ನಟ್ಟನಡುವೆ ಹುಡುಗಿಯರಿಗಿಂತ ಎರಡು ಪಟ್ಟು ದೊಡ್ಡದಾಗಿ ಹಿರಿಯರು ಕೈಮುಗಿದು ನಿಂತಿದ್ದರು. ಅವರಿಗೆ ನೆರಳೇ ಇರಲಿಲ್ಲ.

ತಂಡದ ಕ್ಯಾಪ್ಟನ್ ಹುಡುಗಿ ಸ್ಟುಡಿಯೊಗೆ ಬಂದಳು. ಕಣ್ಣು ಕೆಂಪಾಗಿದ್ದವು.

“ನಮ್ಮವ್ವ ಫ್ಲೆಕ್ಸ್ ಮುಂದ ನಿಂತು, ಇದ್ರಾಗ ನೀ ಯಾರಬೇ ಅಂತ ಕೇಳಿದ್ಲರಿ ಅಕ್ಕಾರ. ನೀವು ಮಾಡಿದ್ದು ನಮಗ ಕೊಡ್ರಿ.”

ಅವತ್ತೇ ದೊಡ್ಡದಾಗಿ ಪ್ರಿಂಟ್ ಹಾಕಿಸಿಕೊಟ್ಟೆ. ಅವರು ಅದನ್ನು ಬಸ್ ನಿಲ್ದಾಣದ ಎದುರಿನ ಶಾಲೆಯ ಕಂಪೌಂಡಿಗೆ ಕಟ್ಟಿದರು.

ಬೀಳ್ಕೊಡುವ ದಿನ ನಾನೂ ಹೋಗಿದ್ದೆ. ಹಿರಿಯರು ಹಾರ ಹಿಡಿದು ತಮ್ಮ ಫ್ಲೆಕ್ಸಿನ ಕೆಳಗೆ ಕಾಯುತ್ತಿದ್ದರು. ಹುಡುಗಿಯರು ರಸ್ತೆಯಾಚೆ ಕಂಪೌಂಡಿನ ಮುಂದೆ ಸಾಲಾಗಿ ನಿಂತರು.

“ಇಲ್ಲೆ ಬರ್ರಿ ಎಲ್ಲಾರೂ!” ಹಿರಿಯರು ಕೂಗಿದರು.

“ನೀವ ಇಲ್ಲಿ ಬಂದು ಹಾಕ್ರಿ ಕಾಕಾರ,” ಎಂದಳು ಕ್ಯಾಪ್ಟನ್. “ಅದ್ರಾಗ ಇರೋರು ನಾವಲ್ಲ.”

ಊರ ಮಂದಿ ನಗತೊಡಗಿದರು. ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಹಿರಿಯರು ರಸ್ತೆ ದಾಟಿ ಬಂದು, ಯಾರ ಮುಖವನ್ನೂ ನೋಡದೆ ಹಾರ ಹಾಕಿದರು.

ಜಿಲ್ಲಾ ಪಂದ್ಯದಲ್ಲಿ ಹುಡುಗಿಯರು ಎರಡನೆಯ ಸುತ್ತಿನಲ್ಲಿ ಸೋತರು. ಹಿರಿಯರು ಮತ್ತೆ ನನ್ನ ಸ್ಟುಡಿಯೊಗೆ ಕಾಲಿಟ್ಟಿಲ್ಲ. ಇಟ್ಟರೆ ಆ ಬಿಳಿ ಮುಖಗಳ ಬಗ್ಗೆ ಕೇಳುವುದಿದೆ; ನನ್ನ ಜಗಳ ಇನ್ನೂ ಮುಗಿದಿಲ್ಲ.