ಅದೇ, ಪುಟ ಅರವತ್ತೊಂದು

ನನ್ನ ಮಹಾಪ್ರಬಂಧದ ನಾಲ್ಕನೇ ಅಧ್ಯಾಯದಲ್ಲಿ ಒಂದು ಅಡಿಟಿಪ್ಪಣಿ ಇತ್ತು: ‘ಅದೇ, ಪುಟ ೬೧’. ಸಂಶೋಧನೆಯ ಬರಹಗಳ ರೂಢಿ ಇಲ್ಲದವರಿಗಾಗಿ ಹೇಳುವುದಾದರೆ, ಇದಕ್ಕೆ ಮುಂಚಿನ ಟಿಪ್ಪಣಿಯಲ್ಲಿ ಯಾವ ಆಕರದ ಹೆಸರಿದೆಯೋ ಇದೂ ಅಲ್ಲಿಯದೇ ಎಂದು ಅದರ ಅರ್ಥ. ಒಂದೇ ಹೆಸರನ್ನು ಪುಟದ ಬುಡದಲ್ಲಿ ಹತ್ತು ಸಲ ಬರೆಯುವ ಬದಲು ಈ ಎರಡಕ್ಷರ ಬರೆಯುತ್ತೇವೆ. ನಾನು ಮಾಡಿದ ತಪ್ಪು ಈ ಎರಡಕ್ಷರದ್ದು.

ಬರವಣಿಗೆಯ ಕೆಲಸದಲ್ಲಿ ನನಗೆ ನಿಜವಾಗಿ ಇಷ್ಟವಾಗುತ್ತಿದ್ದದ್ದು ಆಕರಗಳ ಪಟ್ಟಿ ಮಾಡುವುದು. ಜೊತೆಯಲ್ಲಿದ್ದವರು ಅದನ್ನು ಕೊನೆಯ ವಾರಕ್ಕೆ ತಳ್ಳುತ್ತಿದ್ದರು. ನಾನು ಮೊದಲ ದಿನದಿಂದಲೇ ಬರೆದಿಡುತ್ತಿದ್ದೆ. ಆಗ ಹಾಸನದಲ್ಲಿ ಒಂದು ಕೋಣೆ ಮಾಡಿಕೊಂಡು, ವಾರಕ್ಕೆ ನಾಲ್ಕು ದಿನ ಚನ್ನರಾಯಪಟ್ಟಣದ ಕಾಲೇಜೊಂದಕ್ಕೆ ಅತಿಥಿ ಉಪನ್ಯಾಸಕಿಯಾಗಿ ಹೋಗಿಬರುತ್ತಿದ್ದೆ. ಬೆಳಗಿನ ಬಸ್ಸಿನಲ್ಲಿ ಸೀಟು ಸಿಕ್ಕರೆ ಪಟ್ಟಿ ತೆಗೆದು ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳುತ್ತಿದ್ದೆ. ಲೇಖಕರು, ಪುಸ್ತಕ, ಪ್ರಕಾಶಕರು, ಊರು, ವರ್ಷ. ನಡುವೆ ಅಲ್ಪವಿರಾಮ, ಕೊನೆಗೆ ಪೂರ್ಣವಿರಾಮ. ನಮ್ಮ ಕಡೆಯವರ ಇನಿಷಿಯಲ್ ಹೆಸರಿನ ಮುಂದೆ ಬರಬೇಕೋ ಹಿಂದೆ ಹೋಗಬೇಕೋ ಎಂದು ತೀರ್ಮಾನಿಸಲು ಒಂದು ತಿಂಗಳು ಹಿಡಿಯಿತು. ಒಬ್ಬರದು ಊರಿನ ಅಕ್ಷರ, ಇನ್ನೊಬ್ಬರದು ಅಪ್ಪನದು, ಮದುವೆಯಾದ ಹೆಂಗಸರಲ್ಲಿ ಕೆಲವರದು ಗಂಡನದು. ಪಟ್ಟಿ ಮಾಡುವಾಗ ಯಾರನ್ನೂ ಮಾತಾಡಿಸಬೇಕಾಗಿರಲಿಲ್ಲ. ಇಷ್ಟವಾಗಲು ಅದೂ ಒಂದು ಕಾರಣವಿರಬೇಕು.

ಆದರೆ ನಾನು ಆರಿಸಿಕೊಂಡ ವಿಷಯ ಜನರನ್ನು ಮಾತಾಡಿಸದೆ ಆಗುವಂಥದ್ದಲ್ಲ. ಹೊಳೆನರಸೀಪುರ, ಅರಕಲಗೂಡು ತಾಲ್ಲೂಕುಗಳಲ್ಲಿ ರಾಗಿ ಬೇಸಾಯದ ಸಾಧನಗಳಿಗೆ, ಕೆಲಸಗಳಿಗೆ ಏನೇನನ್ನುತ್ತಾರೆ ಎಂದು ಸಂಗ್ರಹಿಸಬೇಕಿತ್ತು. ಹಾಗೆ ಹುಡುಕುತ್ತ, ಹಳ್ಳಿಮೈಸೂರಿನಿಂದ ಆಟೋದಲ್ಲಿ ಹೋಗುವಷ್ಟು ದೂರದ ಒಂದು ಊರಿನಲ್ಲಿ ಆ ಹೆಂಗಸು ಸಿಕ್ಕರು. ಎಪ್ಪತ್ತು ದಾಟಿದ್ದರೂ ಅಜ್ಜಿ ಎಂದರೆ ಮುಖ ಗಂಟು ಹಾಕುತ್ತಿದ್ದರು. ‘ಅವ್ವ ಅನ್ನು, ಸಾಕು’ ಎಂದಿದ್ದರು. ಮನೆ ತುಂಬ ಜನ. ಸೊಸೆ ಡೈರಿಗೆ ಹಾಲು ಹಾಕಿ ಬಂದು ನಮ್ಮ ಪಕ್ಕದಲ್ಲೇ ಕುಳಿತು ಮಾತಿಗೆ ಸೇರುತ್ತಿದ್ದರು.

ಮೊದಲ ದಿನ ನಾನು ನನ್ನ ಸಂಶೋಧನೆಯ ಭಾಷೆಯಲ್ಲೇ ಹೇಳಿದೆ. ‘ನೀವು ಹೇಳಿದ್ದಕ್ಕೆಲ್ಲ ನಾನು ಆಧಾರ ಕೊಡಬೇಕಾಗುತ್ತೆ ಅವ್ವ.’

ಅವ್ವ ಎದ್ದು ಒಳಗೆ ಹೋದರು. ಟ್ರಂಕು ತೆರೆದ ಸದ್ದಾಯಿತು. ಪ್ಲಾಸ್ಟಿಕ್ ಕವರಿನಲ್ಲಿದ್ದ ಆಧಾರ್ ಕಾರ್ಡು ತಂದು ನನ್ನ ಕೈಗಿಟ್ಟರು.

‘ಜೆರಾಕ್ಸ್ ಬೇಕು ಅಂದ್ರೆ ಹಳ್ಳಿಮೈಸೂರ್ಗೇ ಓಗ್ಬೇಕು. ಇದ್ನೇ ನೋಡ್ಕೊಂಡು ಬರ್ಕೊ. ಓಟಿಪಿ ಗೀಟಿಪಿ ಅಂತ ಮಾತ್ರ ಕೇಳ್ಬ್ಯಾಡ ಕಣವ್ವ.’

ಸೊಸೆ ಸೆರಗು ಬಾಯಿಗೆ ಒತ್ತಿಕೊಂಡರು. ‘ಅತ್ತೆ, ಅವ್ರು ಕೇಳ್ತಿರೋ ಆಧಾರ ಬ್ಯಾರೆ ಕಣತ್ತೆ.’

‘ಬ್ಯಾರೆ ಎಂಗಾದದು? ಯೋಳಿದ್ದು ನಾನೇ ಅನ್ನಾಕೆ ಇದಲ್ವಾ?’

ಪ್ರಬಂಧದ ಕೊನೆಯಲ್ಲಿ ಪುಸ್ತಕಗಳ ಪಟ್ಟಿಯಾದ ಮೇಲೆ ವಕ್ತೃಗಳ ಪಟ್ಟಿ, ಅಂದರೆ ಬಾಯಲ್ಲಿ ಮಾಹಿತಿ ಹೇಳಿದವರ ಪಟ್ಟಿ ಬರುತ್ತದೆ. ಅದಕ್ಕೆ ಬೇಕಿದ್ದದ್ದು ಹೆಸರು, ವಯಸ್ಸು, ಊರು. ಕಾರ್ಡು ನೋಡಿಯೇ ಬರೆದುಕೊಂಡೆ.

‘ನನ್ ಎಸ್ರೇ ಹಾಕ್ತೀಯಾ? ಇವ್ರದ್ದಲ್ಲ ತಾನೇ?’ ಎಂದು ಅವ್ವ ಜಗಲಿಯ ಕಡೆ ಗಲ್ಲ ಎತ್ತಿ ತೋರಿಸಿದರು. ಅಲ್ಲಿ ಅವರ ಯಜಮಾನರು ಕುಳಿತಿದ್ದರು. ಹಿಂದೊಮ್ಮೆ ಯಾರೋ ಬಂದು ಬಿತ್ತನೆ ಬೀಜ ಕಾಪಾಡುವ ವಿಷಯ ಕೇಳಿ ಬರೆದುಕೊಂಡು ಹೋಗಿದ್ದರಂತೆ. ‘ಅವತ್ತೆಲ್ಲ ಯೋಳಿದ್ದು ನಾನು. ಇವ್ರು ಸುಮ್ಕೆ ಕುಂತಿದ್ರು. ಆಮ್ಯಾಕೆ ಪುಸ್ತಕ ಬಂತು, ನೋಡುದ್ರೆ ಇವ್ರ ಎಸ್ರು, ಇವ್ರ ಪೋಟೋ.’

ಯಜಮಾನರಿಗೆ ಕೇಳಿಸಿತು. ‘ಪೋಟೋಕ್ಕೆ ನಿಂತ್ಕೊ ಬಾ ಅಂದ್ರೆ ಮುದ್ದೆ ತೊಳಸ್ಬೇಕು ಅಂತ ಒಳೀಕ್ಕೋದೋಳು ಯಾರು?’

‘ನಾನ್ ನಿಂತಿದ್ರೆ ಮುದ್ದೆ ತೊಳಸೋರ್ಯಾರು, ನೀವಾ?’ ಎಂದು ಅವ್ವ ನನ್ನ ಕಡೆ ತಿರುಗಿದರು. ನಗು ಇರಲಿಲ್ಲ. ‘ಈ ದಪ ಎಸ್ರು ತಪ್ಸಲ್ಲ ಅಂತ ಮಾತು ಕೊಡು.’

ಕೊಟ್ಟೆ.

ಆಮೇಲೆ ಅವರು ಹೇಳಿದ್ದು ಸಡ್ಡೆಯ ವಿಷಯ. ರಾಗಿ ಬಿತ್ತುವ ಕೂರಿಗೆಯ ಹಿಂದೆ ಹಗ್ಗದಲ್ಲಿ ಕಟ್ಟಿ ಎಳೆಯುವ ಒಂಟಿ ಬಿದಿರ ಕೊಳವೆಗೆ ಸಡ್ಡೆ ಎನ್ನುತ್ತಾರೆ. ಕೂರಿಗೆಯನ್ನು ಗಂಡಸು ಹೊಡೆಯುತ್ತಾನೆ. ಸಡ್ಡೆಯೊಳಗೆ ಅವರೆಯನ್ನೋ ತೊಗರಿಯನ್ನೋ ಬಿಡುತ್ತ ಹೆಂಗಸು ಹಿಂದೆ ನಡೆಯುತ್ತಾಳೆ. ಅಂಗಳದಲ್ಲಿ ಬಿದ್ದಿದ್ದ ಪೈಪಿನ ತುಂಡೊಂದನ್ನು ಹಿಡಿದು ಅವ್ವ ಆ ಕೊನೆಯಿಂದ ಈ ಕೊನೆಗೆ ನಡೆದು ತೋರಿಸಿದರು.

‘ಕಣ್ಣು ಕೂರ್ಗೆ ಮ್ಯಾಲಿರ್ಬೇಕು, ಕೈ ಸಡ್ಡೆ ಬಾಯಾಗೆ. ಕಾಳು ಬೀಳೋದು ಕಾಣಾಕಿಲ್ಲ, ಬೆರ್ಳಿಗೇ ಗೊತ್ತಾಗ್ಬೇಕು. ಎಜ್ಜೆಗೊಂದು ಅವ್ರೆ. ಎತ್ತು ಬಿರ್‍ರನೆ ಓದ್ರೆ ನೀನೂ ಬಿರ್‍ರನೆ ಬುಡ್ಬೇಕು. ಗಂಡುಸ್ರು ಸಾಲು ಸೊಟ್ಟ ಒಡುದ್ರೂವೆ, ಮೊಳ್ಕೆ ಬಂದ್ಮ್ಯಾಕೆ ಬೈಸ್ಕೊಳ್ಳೋಳು ಸಡ್ಡೆ ಇಡ್ದೋಳೇಯ.’

ಒಂದಕ್ಷರ ಬಿಡದೆ ಬರೆದುಕೊಂಡೆ. ಅದು ನನ್ನ ಎರಡನೇ ಟಿಪ್ಪಣಿ ಪುಸ್ತಕದ ಅರವತ್ತೊಂದನೇ ಪುಟ. ಮೂರು ವರ್ಷದ ತಿರುಗಾಟದಲ್ಲಿ ಅಷ್ಟು ಚೆನ್ನಾದ ಪುಟ ನನಗೆ ಇನ್ನೊಂದು ಸಿಗಲಿಲ್ಲ.

ಅಧ್ಯಾಯ ಬರೆದಾಗ ಅದನ್ನು ಇಡಿಯಾಗಿ ಕೊಟ್ಟೆ. ಅದಕ್ಕೆ ಸ್ವಲ್ಪ ಮೇಲೆ, ಹದಿನಾಲ್ಕನೇ ಟಿಪ್ಪಣಿಯಲ್ಲಿ ಅವ್ವನ ಹೆಸರು, ಊರು, ನನ್ನ ಟಿಪ್ಪಣಿ ಪುಸ್ತಕದ ಸಂಖ್ಯೆ ಇತ್ತು. ಹದಿನೈದರಲ್ಲಿ ‘ಅದೇ, ಪುಟ ೬೧’. ಅಲ್ಲಿಯವರೆಗೆ ಎಲ್ಲ ಸರಿಯಾಗಿಯೇ ಇತ್ತು.

ನನ್ನ ಮಾರ್ಗದರ್ಶಕರು ಓದಿ, ‘ಚೆನ್ನಾಗಿದೆಯಮ್ಮ. ಆದರೆ ಬರೀ ಬಾಯಿಮಾತಿನ ಮೇಲೆ ನಿಲ್ಲಿಸಬೇಡ. ಅಚ್ಚಾದ ಆಕರ ಒಂದಾದರೂ ಜೊತೆಗಿರಲಿ’ ಎಂದರು. ಹುಡುಕಿದೆ. ಅರಕಲಗೂಡಿನ ನಿವೃತ್ತ ಮೇಷ್ಟರೊಬ್ಬರು ಬೇಸಾಯದ ಪದಗಳಿಗೆ ಅರ್ಥ ಕೊಟ್ಟು ತಾವೇ ಅಚ್ಚು ಮಾಡಿಸಿದ ಸಣ್ಣ ಪುಸ್ತಕವೊಂದು ಸಿಕ್ಕಿತು. ಅದರ ಮೂವತ್ತೆಂಟನೇ ಪುಟದಲ್ಲಿ ಸಡ್ಡೆಗೆ ಒಂದೇ ಸಾಲು: ಕೂರಿಗೆಯ ಹಿಂದೆ ಕಟ್ಟುವ ಬಿದಿರಿನ ಕೊಳವೆ. ಅದನ್ನು ಅವ್ವನ ಮಾತಿಗೆ ಮುಂಚೆ ಒಂದು ಪ್ಯಾರಾ ಮಾಡಿ ಸೇರಿಸಿ, ಮೇಷ್ಟರ ಪುಸ್ತಕಕ್ಕೆ ಹೊಸ ಟಿಪ್ಪಣಿ ಹಾಕಿದೆ. ಅದು ಹದಿನೈದಾಯಿತು, ‘ಅದೇ’ ಹದಿನಾರಾಯಿತು. ಕಂಪ್ಯೂಟರು ಅಂಕಿಗಳನ್ನು ತಾನೇ ಸರಿಮಾಡಿಕೊಂಡಿತು. ‘ಅದೇ’ ಎಂದರೆ ಈಗ ಯಾರು ಎಂಬುದು ಅದಕ್ಕೆ ಹೇಗೆ ತಿಳಿಯಬೇಕು? ತಿಳಿದಿರಬೇಕಾದವಳು ನಾನು. ಕೊನೆಯ ಪಟ್ಟಿಗಳನ್ನು ಮೂರು ಸಲ ತಾಳೆ ನೋಡಿದೆ, ಅಲ್ಪವಿರಾಮಗಳನ್ನೂ ನೋಡಿದೆ. ಅಡಿಟಿಪ್ಪಣಿಗಳನ್ನು ಮೊದಲೇ ನೋಡಿ ಆಗಿದೆ ಎಂದುಕೊಂಡಿದ್ದೆ.

ಪ್ರಬಂಧ ಬೈಂಡಾಗಿ ವಿಶ್ವವಿದ್ಯಾನಿಲಯಕ್ಕೆ ಹೋಯಿತು. ಹತ್ತು ದಿನ ಕಳೆದು ಒಂದು ಭಾನುವಾರ, ಅಧ್ಯಾಯದ ಜೆರಾಕ್ಸನ್ನೂ ಆಕರಗಳ ಪಟ್ಟಿಯನ್ನೂ ಮೇಷ್ಟರಿಗೆ ಕೊಟ್ಟು ಬರೋಣವೆಂದು ಅರಕಲಗೂಡಿಗೆ ಹೋದೆ. ಅವರು ಮೊದಲು ಪಟ್ಟಿಯನ್ನೇ ನೋಡಿದರು. ಬೆರಳಿಟ್ಟುಕೊಂಡು ಇಳಿದು ತಮ್ಮ ಹೆಸರಿನ ಮೇಲೆ ನಿಂತರು.

‘ಲೇ, ಬಾರೆ ಇಲ್ಲಿ! ನೋಡು, ಪಟ್ಟೀಲಿ ನನ್ನ ಪುಸ್ತಕ!’

ಅವರ ಮನೆಯವರು ಕಾಫಿ ತಂದಿಡುತ್ತ, ‘ಸಂತೋಷ. ಅಟ್ಟದ ಮೇಲೆ ಇನ್ನೂ ಎರಡು ಮೂಟೆ ಅವೆ, ಅವುಕ್ಕೂ ಒಂದು ಪಟ್ಟಿ ಮಾಡ್ಕೊಡವ್ವ’ ಎಂದರು.

ಮೇಷ್ಟರು ನಗುತ್ತಲೇ ಅಧ್ಯಾಯ ಓದತೊಡಗಿದರು. ಒಂದು ಪುಟದಲ್ಲಿ ಬೆರಳು ನಿಂತಿತು. ಬುಡಕ್ಕೆ ಹೋಗಿ, ಮೇಲಕ್ಕೆ ಬಂದು, ಮತ್ತೆ ಬುಡಕ್ಕೆ ಹೋಯಿತು.

‘ಇದ್ಯಾವ ಪುಸ್ತಕದ್ದಮ್ಮ? ಅರವತ್ತೊಂದನೇ ಪುಟ ಅಂತಿದೆ. ನನ್ನ ಪುಸ್ತಕ ಮುಗಿಯೋದೇ ಐವತ್ತಾರಕ್ಕೆ.’

ನೋಡಿದೆ. ಹದಿನೈದು, ಮೇಷ್ಟರ ಹೆಸರು. ಹದಿನಾರು, ಅದೇ. ಕಾಫಿ ಲೋಟ ಕೆಳಗಿಟ್ಟು ಏನಾಗಿದೆ ಎಂದು ವಿವರಿಸಿದೆ. ಅವರು ಸಡ್ಡೆಯ ಭಾಗವನ್ನು ಇನ್ನೊಮ್ಮೆ, ತುಟಿ ಆಡಿಸುತ್ತ ಓದಿದರು.

‘ಹೆಜ್ಜೆಗೊಂದು ಅವರೆ. ಇದನ್ನ ನಾನು ಬರೀಬೇಕಾಗಿತ್ತು. ಗೊತ್ತೇ ಇರಲಿಲ್ಲ ನೋಡು. ಆಯಮ್ಮಂದು ಆಯಮ್ಮಂಗೆ ಕೊಟ್ಬಿಡಮ್ಮ, ನಂಗೆ ಬೇಡ’ ಎಂದರು. ಹಾಳೆ ಮಡಿಸುತ್ತ, ‘ಮೂವತ್ತೆಂಟನೇ ಪುಟ ನಂದೇ. ಅದು ಇರ್ಲಿ’ ಎಂದರು.

ಮಾರನೆಯ ದಿನ ಮಾರ್ಗದರ್ಶಕರನ್ನು ಕಂಡೆ. ‘ಪರೀಕ್ಷಕರ ಕೈಗೆ ಹೋಗಿಬಿಟ್ಟಿದೆ. ಒಂದು ಅಡಿಟಿಪ್ಪಣಿ ಅಷ್ಟೇ ತಾನೇ, ಯಾರ ಕಣ್ಣಿಗೂ ಬೀಳಲ್ಲ. ಪುಸ್ತಕ ಮಾಡುವಾಗ ತಿದ್ದಿಕೊ’ ಎಂದರು. ನನ್ನ ಮೇಲಿನ ಕಾಳಜಿಯಿಂದಲೇ ಹೇಳಿದ ಮಾತು. ನನ್ನ ತಪ್ಪನ್ನು ನಾನೇ ಎತ್ತಿ ತೋರಿಸಿದರೆ ಪರೀಕ್ಷಕರು ಉಳಿದ ಟಿಪ್ಪಣಿಗಳನ್ನೂ ಅನುಮಾನದಿಂದ ನೋಡುತ್ತಾರೆ, ತಿದ್ದಿ ಮತ್ತೆ ಸಲ್ಲಿಸು ಎಂದರೆ ಆರು ತಿಂಗಳು ಹೋಗುತ್ತದೆ ಎಂಬುದು ನನಗೂ ಗೊತ್ತಿತ್ತು. ಸಾಮಾನ್ಯವಾಗಿ ಅವರ ಮಾತಿಗೆ ನಾನು ಎದುರು ಹೇಳಿದವಳಲ್ಲ.

‘ಆ ಅವ್ವನಿಗೆ ಮಾತು ಕೊಟ್ಟಿದ್ದೇನೆ ಸರ್’ ಎಂದೆ.

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ‘ಹಾಗಾದರೆ ಒಂದು ಒಪ್ಪೋಲೆ ಬರಿ.’ ಹಳೆಯ ಪುಸ್ತಕಗಳ ಕೊನೆಯಲ್ಲಿ ಇರುತ್ತಿತ್ತು, ಇಂಥ ಪುಟದ ಇಂಥ ಸಾಲಿನ ತಪ್ಪನ್ನು ಹೀಗೆ ತಿದ್ದಿ ಓದಿಕೊಳ್ಳಿ ಎನ್ನುವ ಹಾಳೆ. ಅಲ್ಲೇ ಕುಳಿತು ಬರೆದೆ. ಒಂದೇ ಸಾಲಾಯಿತು. ಪರೀಕ್ಷಕರಿಗೆ ಕಳಿಸಬೇಕೆಂದು ಕೋರಿದ ಕಾಗದಕ್ಕೆ ಅವರು ತಾವೇ ಸಹಿ ಹಾಕಿ ಕೊಟ್ಟರು.

ಅದರ ಒಂದು ಪ್ರತಿ ಹಿಡಿದು ಹಳ್ಳಿಮೈಸೂರಿನ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಹೇಗೆ ಹೇಳಬೇಕೆಂದು ಜೋಡಿಸಿಕೊಂಡೆ. ಅವ್ವ ಅಂಗಳದಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಜೋಡಿಸಿಕೊಂಡದ್ದು ಯಾವುದೂ ಬಾಯಿಗೆ ಬರಲಿಲ್ಲ.

‘ಅವ್ವ, ನಿಮ್ಮ ಮಾತಿನ ಕೆಳಗೆ ನಿಮ್ಮ ಹೆಸರಿನ ಬದಲು ‘ಅದೇ’ ಅಂತ ಹಾಕಿದ್ದೆ.’

‘ಅದೇ ಅಂದ್ರೆ ಯಾವ್ದೇ?’

‘ಅದರ ಮೇಲೆ ಯಾರ ಹೆಸರಿದೆಯೋ ಅವರದೇ ಅಂತ.’

‘ಮ್ಯಾಲೆ ಯಾರವ್ರೆ?’

‘ಅರಕಲಗೂಡಿನ ಒಬ್ಬ ಮೇಷ್ಟರು.’

‘ಅಂಗಾರೆ ನಾನೆಲ್ಲವ್ನಿ?’

ಅವ್ವ ಇನ್ನೆರಡು ಕಾಯಿ ಸುಲಿದರು. ‘ಸರಿ ಮಾಡಿ ಬಂದಿದ್ಯೋ, ಬರೀ ಯೋಳಾಕೆ ಬಂದಿದ್ಯೋ?’

ಕಾಗದ ಕೊಟ್ಟೆ. ಸೊಸೆ ಕೈ ಒರೆಸಿಕೊಂಡು ಓದಿದರು. ಹದಿನಾರನೇ ಅಡಿಟಿಪ್ಪಣಿಯಲ್ಲಿ ‘ಅದೇ’ ಎಂದಿರುವುದು ತಪ್ಪು. ಈ ಮಾತನ್ನು ಹೇಳಿದವರು ಇಂಥವರು, ಇಂಥ ಊರಿನವರು ಎಂದು ಓದಿಕೊಳ್ಳಬೇಕು. ಅತ್ತೆಯ ಹೆಸರು ಬಂದಾಗ ಸೊಸೆಯ ದನಿ ಸ್ವಲ್ಪ ತಗ್ಗಿತು. ಆ ಮನೆಯಲ್ಲಿ ಅವರ ಹೆಸರನ್ನು ಗಟ್ಟಿಯಾಗಿ ಹೇಳುವ ರೂಢಿ ಯಾರಿಗೂ ಇದ್ದಂತಿರಲಿಲ್ಲ.

‘ಎಸ್ರು ಬಂದಾಗ ಯಾಕೆ ಗೊಣಗ್ತೀಯೆ? ಜೋರಾಗಿ ಓದು’ ಎಂದರು ಅವ್ವ.

ಸೊಸೆ ಜೋರಾಗಿ ಓದಿದರು. ಜಗಲಿಯ ಮೇಲಿನಿಂದ ಯಜಮಾನರು ಕತ್ತೆತ್ತಿ ನೋಡಿದರು.

‘ಆ ಮೇಷ್ಟ್ರು ಏನಂದ್ರು?’

‘ಅವರೇ ಕಂಡುಹಿಡಿದದ್ದು ಅವ್ವ. ಇದು ನನಗೆ ಗೊತ್ತೇ ಇರಲಿಲ್ಲ, ನನ್ನ ಹೆಸರಿಗೆ ಬೇಡ ಅಂದರು.’

‘ಒಳ್ಳೇವ್ರು ಬುಡು.’ ಅವ್ವ ಮೊರ ಕುಟ್ಟಿ ಸಿಪ್ಪೆ ಬೇರೆ ಮಾಡಿದರು. ‘ಅವ್ರವ್ವನೂ ಸಡ್ಡೆ ಇಡ್ದಿರ್ತಾಳೆ ಕಣ್ ಮಗ. ಅವ್ರು ಕೇಳಿಲ್ಲ, ಅಷ್ಟೇಯ.’

ಮೌಖಿಕ ಪರೀಕ್ಷೆಯಲ್ಲಿ ಮೊದಲ ಪ್ರಶ್ನೆಯೇ ಆ ಒಪ್ಪೋಲೆಯ ಮೇಲೆ ಬಂತು. ಪರೀಕ್ಷಕರು ಹಾಳೆಯನ್ನು ಎತ್ತಿ ಹಿಡಿದು, ‘ಇದನ್ನು ಮೇಷ್ಟರ ಹೆಸರಿನಲ್ಲೇ ಬಿಟ್ಟಿದ್ದರೆ ಏನಾಗುತ್ತಿತ್ತು?’ ಎಂದರು. ‘ಸುಳ್ಳಾಗುತ್ತಿತ್ತು ಸರ್’ ಎಂದೆ. ಹಾಗಾದರೆ ಯಾರದು, ನೀವೇ ಹೇಳಿ ಎಂದರು. ಅಷ್ಟು ಜನರೆದುರು ನನ್ನ ದನಿ ಸಾಮಾನ್ಯವಾಗಿ ಏಳುವುದಿಲ್ಲ. ಅವ್ವನ ಪೂರ್ತಿ ಹೆಸರನ್ನೂ ಊರನ್ನೂ ಕೊನೆಯ ಬೆಂಚಿಗೆ ಕೇಳುವಂತೆ ಹೇಳಿದೆ. ಅವರು ಬರೆದುಕೊಂಡು ಮುಂದಿನ ಪ್ರಶ್ನೆಗೆ ಹೋದರು.

ಈ ಬರಹ ಶುರು ಮಾಡುವ ಮುಂಚೆ ಫೋನು ಮಾಡಿ, ಇಲ್ಲಿಯೂ ಹೆಸರು ಹಾಕಲೇ ಎಂದು ಕೇಳಿದೆ.

‘ಮನೆ ಮಾತೆಲ್ಲ ಬರ್ದಿದ್ಯಾ ಅದ್ರಾಗೆ?’

‘ಸ್ವಲ್ಪ ಬರುತ್ತೆ ಅವ್ವ.’

‘ಅಂಗಾರೆ ಇದ್ಕೆ ಬ್ಯಾಡ. ನೀ ಬೇಕಾದ್ರೆ ನಿಂದ್ ಹಾಕ್ಕೊ. ನಂದು ಆ ದೊಡ್ ಪುಸ್ತಕ್ದಾಗೈತಲ್ಲ, ಸಾಕು.’

ಹಾಗಾಗಿ ಇಲ್ಲಿ ಅವರ ಹೆಸರಿಲ್ಲ.