ಕೋವಿಗೊಂದು ಲೇಡೀಸ್ ಸೈಕಲ್

ನಾನು ಅಮೆರಿಕದ ಸ್ಟರ್ಲಿಂಗ್ ಹೈಟ್ಸ್‌ನ ಕಾರು ಕಾರ್ಖಾನೆಯೊಂದರಲ್ಲಿ ಫಿಕ್ಸ್ಚರ್ ಡಿಸೈನರ್. ಬಾಗಿಲೋ ಬಾನೆಟ್ಟೋ ವೆಲ್ಡ್ ಆಗುವಾಗ ಕೂದಲೆಳೆಯಷ್ಟೂ ಅಲುಗದಂತೆ ಹಿಡಿದುಕೊಳ್ಳುವ ಚೌಕಟ್ಟುಗಳನ್ನು ಮಾಡುವುದು ನನ್ನ ಕೆಲಸ. ಇಪ್ಪತ್ತೆರಡು ವರ್ಷ ಇದನ್ನೇ ಮಾಡಿದವನಿಗೆ ಸೈಕಲ್ಲಿಗೊಂದು ರೈಫಲ್ ಕಟ್ಟುವುದು ಯಾವ ಮಹಾ ಕೆಲಸ ಎಂದುಕೊಂಡಿದ್ದೆ. ಹಾಗೆ ಅಂದುಕೊಳ್ಳುವ ಜಂಬ ನನಗೆ ಮೊದಲಿನಿಂದಲೂ ಇದೆ, ಮುಚ್ಚಿಡುವುದೇನು.

ಸೈಕಲ್ಲಿನ ಯೋಚನೆ ಬಂದದ್ದು ಮಂಡಿಯ ದೆಸೆಯಿಂದ. ಕಳೆದ ಬೇಸಿಗೆಯಲ್ಲಿ ಎಡ ಮಂಡಿಯ ಆಪರೇಷನ್ ಆಯಿತು. ಭಾರ ಹೊತ್ತು ಏರುತಗ್ಗಿನ ನೆಲದಲ್ಲಿ ಅರ್ಧ ಮೈಲಿಗಿಂತ ಹೆಚ್ಚು ನಡೆಯಬೇಡಿ, ಬೇಕಾದರೆ ಸೈಕಲ್ ತುಳಿಯಿರಿ ಎಂದರು ಡಾಕ್ಟರು. ಹದಿನಾಲ್ಕು ವರ್ಷಗಳಿಂದ ಪ್ರತಿ ನವೆಂಬರ್‌ನಲ್ಲಿ ನಾನು ಜಿಂಕೆ ಬೇಟೆಗೆ ಕೂರುವ ಜಾಗ ಇರುವುದು ಉತ್ತರ ಮಿಶಿಗನ್ನಿನ ಸರ್ಕಾರಿ ಕಾಡಿನಲ್ಲಿ, ಗೇಟು ದಾಟಿ ಎರಡೂವರೆ ಮೈಲಿ ಒಳಗೆ. ಗೇಟಿನಾಚೆ ಕಾರು, ಟ್ರಕ್ಕು ಯಾವುದನ್ನೂ ಬಿಡುವುದಿಲ್ಲ. ಸೈಕಲ್ ಮೇಲೆ ರೈಫಲ್ ಒಯ್ಯುವ ದಾರಿ ಸಿಗದಿದ್ದರೆ ನನ್ನ ಬೇಟೆ ಅಲ್ಲಿಗೇ ಮುಗಿಯಿತು. ಜೊತೆಗೆ ಬರುವ ಇಬ್ಬರು ಸಹೋದ್ಯೋಗಿಗಳು ನಿನ್ನದನ್ನೂ ನಾವೇ ಹೊರುತ್ತೇವೆ ಎಂದರು. ಒಳ್ಳೆಯ ಮನುಷ್ಯರು. ಆದರೆ ನನ್ನ ಕೋವಿಯನ್ನು ಇನ್ನೊಬ್ಬರ ಹೆಗಲಿಗೆ ಹಾಕಿ ಹಿಂದೆ ಕೈಬೀಸಿಕೊಂಡು ಹೋಗುವ ಜಾಯಮಾನ ನನ್ನದಲ್ಲ.

ಆಯುಧಪೂಜೆಯ ಹೊತ್ತಿಗೆ ಕೆಲಸ ಶುರುವಾಗಿತ್ತು. ಅಪ್ಪ ಹೋದ ಮೇಲೆ ಅಮ್ಮ ಮೈಸೂರು ಬಿಟ್ಟು ನಮ್ಮ ಜೊತೆಯೇ ಇದ್ದಾಳೆ. ಆ ದಿನ ಗ್ಯಾರೇಜಿನಲ್ಲಿ ಎರಡು ಕಾರು, ಹಿಮ ತಳ್ಳುವ ಮೆಷಿನ್ನು, ಲಾನ್ ಮೋವರ್, ನನ್ನ ಅಳತೆಯ ಕ್ಯಾಲಿಪರ್, ರೈಫಲ್, ಸೈಕಲ್, ಎಲ್ಲಕ್ಕೂ ಅರಿಶಿನ ಕುಂಕುಮವಿಟ್ಟು ಮಂಗಳಾರತಿ ಮಾಡಿದಳು. ಆಮೇಲೆ ಮಡಚುವ ಕುರ್ಚಿ ಹಾಕಿಕೊಳ್ಳಲು ಜಾಗ ಸಾಲದೆ ಲಾನ್ ಮೋವರನ್ನು ಪಾದದಿಂದಲೇ ಆಚೆ ತಳ್ಳಿ, ಹುರುಳಿಕಾಯಿಯ ನಾರು ತೆಗೆಯುತ್ತ ನನ್ನ ಕೆಲಸ ನೋಡಲು ಕೂತಳು. ಅಂದಿನಿಂದ ದಿನವೂ ಅದೇ ಕುರ್ಚಿ, ಅದೇ ಜಾಗ.

ರೈಫಲ್ ಕಟ್ಟಿಕೊಂಡು ನಮ್ಮ ಬಡಾವಣೆಯಲ್ಲಿ ಸುತ್ತಿದರೆ ಪೊಲೀಸರು ಮನೆಬಾಗಿಲಿಗೆ ಬರುತ್ತಾರೆ. ಅದಕ್ಕೇ ಒಂದು ಮರದ ತುಂಡಿಗೆ ಕಬ್ಬಿಣದ ಕೊಳವೆ ಸೇರಿಸಿ, ರೈಫಲ್ಲಿನಷ್ಟೇ ಉದ್ದ, ಅಷ್ಟೇ ಎಂಟು ಪೌಂಡು ತೂಕ ಬರುವಂತೆ ಮಾಡಿದೆ. ಅದನ್ನು ಹೆಂಡತಿಯ ಯೋಗ ಮ್ಯಾಟಿನ ಚೀಲಕ್ಕೆ ತುರುಕಿದೆ, ಅರ್ಧ ಹೊರಗೇ ಇಣುಕುತ್ತಿತ್ತು. ಎದುರು ಮನೆಯವನು ಕ್ಲಾಸು ಎಲ್ಲಿ ನಡೆಯುತ್ತದೆ ಎಂದು ಕೇಳಿದ. ನಮ್ಮ ಮುಖ ನೋಡಿದರೆ ಇಲ್ಲಿ ಯೋಗವಲ್ಲದೆ ಬೇರೇನು ಹೊಳೆಯುತ್ತದೆ?

ಮೊದಲು ಬೆನ್ನಿಗೆ ಕಟ್ಟಿ ನೋಡಿದೆ. ಮುಂದೆ ಬಾಗಿದಾಗಲೆಲ್ಲ ತುದಿ ಹೆಲ್ಮೆಟ್ಟಿಗೆ ಟಕ್ಕೆಂದು ಕುಟ್ಟುತ್ತಿತ್ತು. ಬಿದ್ದರೆ ನೇರ ಬೆನ್ನುಮೂಳೆಯ ಮೇಲೇ ಬೀಳಬೇಕು. ಆಮೇಲೆ ಹ್ಯಾಂಡಲ್ಲಿಗೆ ಅಡ್ಡಲಾಗಿ ಕಟ್ಟಿದೆ. ತಿರುವಿನಲ್ಲಿ ಸೈಕಲ್ಲು ಮೊಂಡು ಎತ್ತಿನ ಹಾಗೆ ಹಟ ಹಿಡಿಯಿತು. ಮೂರನೆಯದು ಮಾತ್ರ ನನಗೆ ಮೆಚ್ಚಿಗೆಯಾಯಿತು. ಸೈಕಲ್ಲಿನ ನಡುಗಂಬಿಯ ಪಕ್ಕಕ್ಕೆ, ರಬ್ಬರ್ ಒಳಪದರವಿರುವ ಎರಡು ಕ್ಲ್ಯಾಂಪುಗಳು. ಒಂದು ಸನ್ನೆ ಎಳೆದರೆ ಬಿಚ್ಚಿಕೊಳ್ಳುತ್ತವೆ, ಇಲ್ಲದಿದ್ದರೆ ಜಪ್ಪಯ್ಯ ಎಂದರೂ ಅಲುಗುವುದಿಲ್ಲ. ಅಷ್ಟು ಅಚ್ಚುಕಟ್ಟಾದ ಕೆಲಸವನ್ನು ಕಾರ್ಖಾನೆಗೂ ನಾನು ಮಾಡಿಕೊಟ್ಟಿರಲಿಲ್ಲ. ಗ್ಯಾರೇಜಿನೊಳಗೇ ನಿಜವಾದ ರೈಫಲ್ ಸಿಕ್ಕಿಸಿ ಪೆಡಲ್ ತುಳಿದು ತೋರಿಸಿದೆ.

ಅಮ್ಮ ಹುರುಳಿಕಾಯಿಯ ತಟ್ಟೆ ಕೆಳಗಿಟ್ಟಳು. "ಪೆಡಲ್ ತುಳಿವಾಗ ಕೋವಿಗೆ ಕಾಲು ತಾಗತ್ತಲ್ಲೋ."

"ಕಾಲಲ್ಲಮ್ಮ, ಪ್ಯಾಂಟು."

"ಪೂಜೆ ಮಾಡಿದ ಆಯುಧ ಕಣೋ. ಕಾಲು ತಾಗಿಸ್ಬಾರ್ದು. ತೆಗಿ ಅದನ್ನ."

ಎರಡು ದಿನ ಮುಖ ಗಂಟು ಹಾಕಿಕೊಂಡು ಓಡಾಡಿದೆ. ಮೂರನೆಯ ದಿನ ಅದೇ ಕ್ಲ್ಯಾಂಪುಗಳನ್ನು ಹಿಂದಿನ ಕ್ಯಾರಿಯರಿನ ಬಲಗಡೆಗೆ ಕೂರಿಸಿದೆ. ಹಿಮ್ಮಡಿ ಸುತ್ತುವ ಅಳತೆ ತೆಗೆದು, ಅದಕ್ಕೆ ಮೂರು ಇಂಚು ದೂರದಲ್ಲಿ, ನಳಿಗೆ ಮೇಲ್ಮುಖವಾಗಿ ಹಿಂದಕ್ಕೆ ವಾಲುವಂತೆ. ಈಗ ಪಾದವಲ್ಲ, ಪಾದದ ನೆರಳೂ ತಾಗುವುದಿಲ್ಲ ಎಂದು ಅಮ್ಮನ ಮುಂದೆ ಹತ್ತಿ ತೋರಿಸಿದೆ.

"ಹತ್ತುವಾಗ ಅದರ ಮೇಲೆ ಕಾಲು ಎತ್ತಿ ಹಾಕಿದ್ಯಲ್ಲ," ಎಂದಳು ಅಮ್ಮ. "ಆಯುಧ ದಾಟಬಾರ್ದು."

"ಮತ್ತೆ ಹಾರಿ ಕೂತ್ಕೊಳ್ಲಾ?"

"ಲೇಡೀಸ್ ಸೈಕಲ್ ಇದೆಯಲ್ಲ, ಮಗುದು. ಮಧ್ಯೆ ಕಂಬಿ ಇಲ್ಲ. ಮುಂದಿಂದ ಹೆಜ್ಜೆ ಇಟ್ಟು ಕೂತ್ಕೊ."

ಮಗು ಎಂದರೆ ಚಿಕಾಗೋದಲ್ಲಿ ಕೆಲಸ ಮಾಡುವ ನನ್ನ ಮಗಳು. ಅವಳು ಹೈಸ್ಕೂಲಿನಲ್ಲಿ ತುಳಿದ ನೇರಳೆ ಬಣ್ಣದ ಸೈಕಲ್ಲು ಗೋಡೆಗೆ ನೇತುಹಾಕಿದಂತೆಯೇ ಇತ್ತು. ಫೋನ್ ಮಾಡಿ ಕೇಳಿದೆ. "ಅಪ್ಪಾ, ಪ್ಲೀಸ್ ಟೆಲ್ ಮಿ ಯು ಆರ್ ಜೋಕಿಂಗ್," ಎಂದಳು. ಇಲ್ಲ ಎಂದೆ. "ದೆನ್ ಅಟ್ ಲೀಸ್ಟ್ ಪೇಂಟ್ ಇಟ್." ಪೇಂಟ್ ಮಾಡಲಿಲ್ಲ. ಲೇಡೀಸ್ ಸೈಕಲ್ಲೇ ಹತ್ತುವುದಾದರೆ ಬಣ್ಣ ಬಳಿದು ಬಚ್ಚಿಟ್ಟುಕೊಂಡು ಹತ್ತುವುದೇಕೆ? ಕ್ಲ್ಯಾಂಪುಗಳು ಅದರ ಕ್ಯಾರಿಯರಿಗೆ ಸರಿಯಾಗಿ ಕೂತವು.

ಬೇಟೆಯ ಮೊದಲ ಬೆಳಿಗ್ಗೆ ಇಪ್ಪತ್ತಾರು ಡಿಗ್ರಿ ಫ್ಯಾರನ್‌ಹೀಟ್, ನೀರು ಹೆಪ್ಪುಗಟ್ಟುವ ಚಳಿ. ಗುಂಡು ತುಂಬದ ರೈಫಲ್ಲನ್ನು ಚೀಲದಲ್ಲಿಟ್ಟು, ಕ್ಲ್ಯಾಂಪು ಬಿಗಿದು, ಕಿತ್ತಳೆ ಬಣ್ಣದ ಕೋಟು ತೊಟ್ಟು ಗೇಟಿನ ಬಳಿ ನೇರಳೆ ಸೈಕಲ್ ಇಳಿಸಿದೆ. ಸಹೋದ್ಯೋಗಿಗಳಲ್ಲಿ ಒಬ್ಬ ಬೇರೆ ಕಡೆ ತಿರುಗಿಕೊಂಡು ಬಹಳ ಹೊತ್ತು ಕೆಮ್ಮಿದ. ನಾನು ಹೆಜ್ಜೆ ಒಳಗಿಟ್ಟು ಕೂತು ಹೊರಟೇಬಿಟ್ಟೆ. ಸ್ವಲ್ಪ ದೂರ ಹೋದ ಮೇಲೆ ಹಿಂದೆ ಅವರ ಬೂಟಿನ ಸದ್ದೂ ಕೇಳಿಸಲಿಲ್ಲ.

ಎರಡನೆಯ ಮೈಲಿಯಲ್ಲಿ, ಎಲೆ ಮುಚ್ಚಿದ್ದ ಬೇರಿನ ಮೇಲೆ ಮುಂದಿನ ಚಕ್ರ ಜಾರಿತು. ಸೈಕಲ್ಲು ಪಕ್ಕಕ್ಕೆ ವಾಲಿತು. ಎರಡೂ ಪಾದ ತಾವಾಗಿಯೇ ನೆಲಕ್ಕೆ ಬಂದವು, ನಾನು ಸುಮ್ಮನೆ ನಿಂತಿದ್ದೆ. ರೈಫಲ್ ಅಲುಗಿರಲಿಲ್ಲ. ಮಂಡಿ ಒಂದಿಷ್ಟೂ ನೋಯಲಿಲ್ಲ. ಆಗ ಹೊಳೆಯಿತು: ಗ್ಯಾರೇಜಿನಲ್ಲಿ ಹಳೆಯ ಸೈಕಲ್ ಹತ್ತಿದಾಗಲೆಲ್ಲ ಬಲಗಾಲು ಎತ್ತಿ ಹಾಕುವಾಗ ಮೈಭಾರವೆಲ್ಲ ಎಡ ಮಂಡಿಯ ಮೇಲೆ ಬಿದ್ದು ತಿರುಚುತ್ತಿತ್ತು. ಪ್ರತಿ ಸಲವೂ ಹಲ್ಲು ಕಚ್ಚುತ್ತಿದ್ದೆ. ಕೋವಿಯ ಒಂದೊಂದು ಇಂಚಿಗೂ ಅಳತೆ ಬರೆದಿಟ್ಟಿದ್ದವನು ಅದನ್ನು ಮಾತ್ರ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ನನ್ನ ಜಾಗ ತಲುಪಿದಾಗ ಇನ್ನೂ ಮಸುಕು ಬೆಳಕಿತ್ತು. ನನ್ನ ಕೋವಿ ನಾನೇ ತಂದಿದ್ದೆ. ಮರಕ್ಕೆ ಒರಗಿ ಕೂತು, ಯಾರೂ ನೋಡುವವರಿಲ್ಲದಿದ್ದರೂ ಎದೆ ಉಬ್ಬಿಸಿದೆ. ಮೂರನೆಯ ದಿನ ಜಿಂಕೆಯೂ ಸಿಕ್ಕಿತು. ಕೆಮ್ಮಿದ್ದವನೇ ಕೈಗಾಡಿ ತಂದು ಎಳೆಯಲು ನೆರವಾದ. ಎಳೆಯುತ್ತಲೇ ಆ ಕ್ಲ್ಯಾಂಪಿನ ಡ್ರಾಯಿಂಗ್ ಕೊಡುತ್ತೀಯಾ ಎಂದ.

ಮನೆಯಲ್ಲಿ ಅಮ್ಮ ಸಾರಿಗೆ ಮಸಾಲೆ ಹುರಿಯುತ್ತಿದ್ದಳು. ದಾರಿಯುದ್ದಕ್ಕೂ ತಲೆಯಲ್ಲಿದ್ದ ಮಾತನ್ನು ಕೇಳಿದೆ.

"ಅಮ್ಮ, ಪೂಜೆ ದಿನ ಲಾನ್ ಮೋವರ್‌ನ ಕಾಲಲ್ಲೇ ತಳ್ದೆಯಲ್ಲ. ಅದಕ್ಕೂ ಕುಂಕುಮ ಇಟ್ಟಿದ್ದೆ."

ಅಮ್ಮ ಧನಿಯಾ ಕೈಯಾಡಿಸುವುದನ್ನು ನಿಲ್ಲಿಸಲಿಲ್ಲ. "ಮಂಡಿ ನೋಯತ್ತೆ, ಲೇಡೀಸ್ ಸೈಕಲ್ ಹತ್ತು ಅಂದಿದ್ರೆ ನೀನು ಕೇಳ್ತಿದ್ಯಾ?"

"ಇಲ್ಲ."

"ಅದಕ್ಕೇ ಕೋವಿ ಹೆಸರಲ್ಲಿ ಹೇಳ್ದೆ. ಈರುಳ್ಳಿ ಹೆಚ್ಚು ಬಾ."

ಈ ವರ್ಷ ಕಾರ್ಖಾನೆಯಲ್ಲಿ ಇನ್ನೂ ಇಬ್ಬರು ಬೇಟೆಗೆಂದು ನಡುಗಂಬಿಯಿಲ್ಲದ ಸೈಕಲ್ಲು ಹುಡುಕುತ್ತಿದ್ದಾರೆ. ನನ್ನದರ ಫೋಟೋ ನೋಡಿ, ಇದನ್ನೆಲ್ಲ ಡಿಸೈನ್ ಮಾಡಿದ್ದು ಯಾರು ಎಂದು ಕೇಳುತ್ತಾರೆ. ನಮ್ಮಮ್ಮ ಎನ್ನುತ್ತೇನೆ. ಕ್ಲ್ಯಾಂಪು ಮಾತ್ರ ನನ್ನದು.